ಮೋಹಾಕ್ ಜನರ ಜೋಳದ ರೊಟ್ಟಿ ಮನೇಲಿ ಮಾಡೋದು ಹೇಗೆ: ಬೂದಿಯಿಂದ ಶುರು ಮಾಡಿ

ಈ ರೊಟ್ಟಿಗೆ ಒಂದು ಪೂರ್ತಿ ಭಾನುವಾರ ಎತ್ತಿಡಿ, ಹಿಂದಿನ ರಾತ್ರಿ ಬೀನ್ಸ್ ನೆನೆಸೋ ಕೆಲಸ ಬೇರೆ ಇದೆ. ಅವಸರ ಇರೋ ದಿನ ಕೈ ಹಾಕ್ಬೇಡಿ. ಯಾಕಂದ್ರೆ ಇದ್ರಲ್ಲಿ ಕಷ್ಟದ ಕೆಲಸ ಅಂತ ಯಾವ್ದೂ ಇಲ್ಲ, ಎಲ್ಲಾ ಕಾಯೋ ಕೆಲಸ, ಕಾಯೋದನ್ನ ಕಮ್ಮಿ ಮಾಡಿದ್ರೆ ರೊಟ್ಟಿ ಕಹಿ ಆಗತ್ತೆ ಇಲ್ಲಾ ನೀರಲ್ಲಿ ಒಡೆದು ಗಂಜಿ ಆಗತ್ತೆ.

ನಾನಿರೋದು ಮಾಂಟ್ರಿಯಲ್‌ನಲ್ಲಿ. ಸೇಂಟ್ ಲಾರೆನ್ಸ್ ನದಿ ಮೇಲಿನ ಮರ್ಸಿಯೆ ಸೇತುವೆ ದಾಟಿದ್ರೆ ಆ ದಡದಲ್ಲೇ ಕಾನವಾಗೆ, ಮೋಹಾಕ್ ಜನರ ಊರು. ಅಲ್ಲಿನ ಒಬ್ಬ ಅಜ್ಜಿ ಹತ್ರ ಕಲಿತಿದ್ದು ಇದು. ಅವರ ಭಾಷೇಲಿ ಅಜ್ಜಿಗೆ ದೋದಾ ಅಂತಾರೆ, ನಾನೂ ಹಾಗೇ ಕರೀತೀನಿ. ಮೂರು ಸಲ ಅವರ ಅಡುಗೆಮನೇಲಿ ನಿಂತು ನೋಡಿ, ಆಮೇಲೆ ನಮ್ಮನೇಲಿ ಎಷ್ಟೋ ಸಲ ಮಾಡಿ ಕೈಗೆ ಹತ್ತಿದ ಮೇಲೆ ಬರೀತಿದೀನಿ.

ಮೋಹಾಕ್ ಅನ್ನೋದು ಅವರೇ ಇಟ್ಕೊಂಡ ಹೆಸರಲ್ಲ, ಹಗೆತನ ಇದ್ದ ಅಕ್ಕಪಕ್ಕದವರು ಇಟ್ಟಿದ್ದು, ನರಭಕ್ಷಕರು ಅನ್ನೋ ಅರ್ಥದ್ದು. ಅವರು ತಮ್ಮನ್ನ ಗನ್ಯೆಂಗೆಹಾಗಾ ಅಂತ ಕರ್ಕೋತಾರೆ, ಚಕಮಕಿ ಕಲ್ಲಿನ ನಾಡಿನವರು ಅಂತ. ಈಗಿನ ನ್ಯೂಯಾರ್ಕ್ ರಾಜ್ಯದ ಮೋಹಾಕ್ ನದಿ ಕಣಿವೆ ಅವರ ಮೂಲ ನೆಲ. ಮೋಹಾಕ್, ಒನೈಡಾ, ಒನಂಡಾಗ, ಕಯೂಗ, ಸೆನೆಕ ಅಂತ ಐದು ಜನಾಂಗ ಸೇರಿ ಕಟ್ಟಿದ ಒಕ್ಕೂಟ ಹೋದಿನೊಶೋನಿ, ಅಂದ್ರೆ ಉದ್ದ ಮನೆಯವರು, 1722ರ ಹೊತ್ತಿಗೆ ಟಸ್ಕರೋರ ಸೇರಿ ಆರಾಯ್ತು. ಎಲ್ರಿಗಿಂತ ಪೂರ್ವಕ್ಕೆ ಇದ್ದ ಮೋಹಾಕರು ಈ ಮನೆಯ ಪೂರ್ವ ಬಾಗಿಲು ಕಾಯೋರು. ಈಗ ಕಾನವಾಗೆ, ಕಾನೆಸತಾಗೆ, ಅಕ್ವೆಸಾಸ್ನೆ, ಟಾಯೆಂಡಿನಾಗ, ಗ್ರ್ಯಾಂಡ್ ರಿವರ್‌ನ ಸಿಕ್ಸ್ ನೇಷನ್ಸ್ ಹೀಗೆ ಹಲವು ಕಡೆ ಇದಾರೆ, ಅದ್ರಲ್ಲಿ ಅಕ್ವೆಸಾಸ್ನೆ ಅಂತೂ ಒಂಟಾರಿಯೊ, ಕ್ವಿಬೆಕ್, ನ್ಯೂಯಾರ್ಕ್ ಮೂರರಲ್ಲೂ ಹರಡ್ಕೊಂಡಿದೆ, ಊರ ಮಧ್ಯದಲ್ಲೇ ಎರಡು ದೇಶದ ಗಡಿ ಎಳೆದಿದಾರೆ. ಕುಲ ಮೂರು, ಕರಡಿ, ತೋಳ, ಆಮೆ. ಕುಲ ಬರೋದು ತಾಯಿಯಿಂದ, ಮುಖಂಡನ್ನ ಆರಿಸೋದೂ ತಪ್ಪಿದ್ರೆ ಕೆಳಗಿಳಿಸೋದೂ ಕುಲದ ತಾಯಿ. ಹೊಲಾನೂ ಬೆಳೆನೂ ಹೆಂಗಸರ ಕೈಲಿತ್ತು. ಹಾಗಾಗಿ ಈ ರೊಟ್ಟಿ ಬರೀ ತಿಂಡಿ ಅಲ್ಲ, ಆ ಮನೆಯ ಯಜಮಾನಿಕೆ ಯಾರದ್ದು ಅನ್ನೋದು ಇದ್ರಲ್ಲಿದೆ.

ರೊಟ್ಟಿ ಹೆಸರು ಗನದರೊಕ್‌ಹೂಂವೆ. ಗನದರೊಕ್ ಅಂದ್ರೆ ರೊಟ್ಟಿ, ಹೂಂವೆ ಸೇರಿದ್ರೆ ಅಸಲಿ ರೊಟ್ಟಿ, ನಮ್ಮದೇ ರೊಟ್ಟಿ. ಬಾಯಲ್ಲಿ ಹೇಳಿ ನೋಡಿ, ತುಟಿ ಎಲ್ಲೂ ಮುಚ್ಚಲ್ಲ. ಆ ಭಾಷೇಲಿ ಪ, ಬ, ಮ ಇಲ್ವೇ ಇಲ್ಲ, ಅಮ್ಮ ಅಪ್ಪ ಅಂತ ಬಾಯಿ ಬಿಡೋ ನಮಗೆ ಇದು ಮೊದಮೊದಲು ತುಂಬಾ ಬೇರೆ ಥರ ಕೇಳ್ಸತ್ತೆ.

ಕೈ ಹಾಕೋ ಮುಂಚೆ

ದೋದಾ ಒಲೆ ಹಚ್ಚೋ ಮೊದಲು ನಿಂತ್ಕೊಂಡು ಒಂದಿಷ್ಟು ಮಾತು ಹೇಳ್ತಾರೆ. ದೊಡ್ಡ ಸಭೆಗಳಲ್ಲಿ ಇದನ್ನೇ ಪೂರ್ತಿಯಾಗಿ, ಕೆಲವು ಸಲ ಬಹಳ ಹೊತ್ತು, ಹೇಳ್ತಾರೆ. ಎಲ್ಲಕ್ಕಿಂತ ಮೊದಲು ಬರೋ ಮಾತು ಅಂತ ಅದರ ಹೆಸರು. ಜನರಿಗೆ, ಭೂಮಿತಾಯಿಗೆ, ನೀರಿಗೆ, ಮೀನಿಗೆ, ಗಿಡಗಳಿಗೆ, ಬೆಳೆಗಳಿಗೆ, ಪ್ರಾಣಿಗಳಿಗೆ, ಮರಗಳಿಗೆ, ಹಕ್ಕಿಗಳಿಗೆ, ಗಾಳಿಗೆ, ಗುಡುಗಿಗೆ, ಸೂರ್ಯನಿಗೆ, ಅಜ್ಜಿ ಚಂದ್ರನಿಗೆ, ನಕ್ಷತ್ರಗಳಿಗೆ ಒಬ್ಬೊಬ್ಬರಿಗಾಗಿ ಧನ್ಯವಾದ, ಪ್ರತಿ ಸಲಾನೂ ಕೊನೇಲಿ ಈಗ ನಮ್ಮೆಲ್ಲರ ಮನಸ್ಸು ಒಂದೇ ಅನ್ನೋ ಮಾತು. ಹೌದು, ಚಂದ್ರ ಅವರಿಗೆ ಅಜ್ಜಿ. ನಾನು ಅದನ್ನ ಅವರ ಭಾಷೇಲಿ ಹೇಳೋಕೆ ಹೋಗಲ್ಲ, ಅದು ಅವರದ್ದು, ಕಾಳು ಕೈಗೆ ತಗೊಂಡು ಒಂದ್ನಿಮಿಷ ಸುಮ್ನೆ ನಿಂತ್ಕೋತೀನಿ, ನೀವೂ ಅಷ್ಟು ಮಾಡಿದ್ರೆ ಸಾಕು.

ಕಾಳು ಯಾವುದು

ಜೋಳ ಅಂದ್ರೆ ಇಲ್ಲಿ ಮೆಕ್ಕೆಜೋಳ, ಕೆಲವು ಕಡೆ ಗೋವಿನಜೋಳ, ಮುಸುಕಿನಜೋಳ ಅಂತಾರಲ್ಲ ಅದು, ಉತ್ತರ ಕರ್ನಾಟಕದ ರೊಟ್ಟಿ ಜೋಳ ಅಲ್ಲ. ಅದ್ರಲ್ಲೂ ಬಿಳಿ ತಳಿ, ತೆನೆ ಉದ್ದ, ಸಾಮಾನ್ಯವಾಗಿ ಎಂಟೇ ಸಾಲು ಕಾಳು, ಒಂದೊಂದು ಕಾಳೂ ಹೆಬ್ಬೆರಳ ಉಗುರಿನಷ್ಟು ಅಗಲ. ಒಳಗೆ ಹಿಟ್ಟು ಜಾಸ್ತಿ, ಗಾಜಿನ ಥರ ಗಟ್ಟಿ ಇರಲ್ಲ. ನ್ಯೂಯಾರ್ಕ್ ರಾಜ್ಯದ ಗನೊಂಡಗನ್‌ನಲ್ಲಿ, ಅದು ಸೆನೆಕ ಜನರ ಹಳೇ ಊರಿನ ಜಾಗ, ಇರೋಕ್ವಾ ವೈಟ್ ಕಾರ್ನ್ ಪ್ರಾಜೆಕ್ಟ್ ಅಂತ ಇದೆ (ಇರೋಕ್ವಾ ಅನ್ನೋದು ಇದೇ ಒಕ್ಕೂಟಕ್ಕೆ ಹೊರಗಿನವರು ಇಟ್ಟ ಹೆಸರು), ಈ ತಳಿನ ಉಳಿಸಿ ಬೆಳೆಸಿ ಜನರ ತಟ್ಟೆಗೆ ವಾಪಸ್ ತರೋದೇ ಅವರ ಕೆಲಸ. ಅಮೆರಿಕ, ಕೆನಡಾದಲ್ಲಿ ಇರೋರು ಇಂಥ ಕಡೆಯಿಂದ್ಲೇ ತಗೊಳ್ಳಿ, ದುಡ್ಡು ಸೇರಬೇಕಾದವರಿಗೆ ಸೇರತ್ತೆ. ಇಂಡಿಯಾದಲ್ಲಿದ್ರೆ ಪೂರ್ತಿ ಒಣಗಿದ ಬಿಳಿ ಮೆಕ್ಕೆಜೋಳ ಸಿಗತ್ತಾ ನೋಡಿ, ರುಚಿ ಅದೇ ಬರಲ್ಲ ಆದ್ರೆ ವಿಧಾನ ಕಲಿಯೋಕೆ ಸಾಕು. ಬೀಜಕ್ಕೆ ಅಂತ ಔಷಧಿ ಹಚ್ಚಿರೋ ಕಾಳು ಯಾವ ಕಾರಣಕ್ಕೂ ಬೇಡ. ಸ್ವೀಟ್ ಕಾರ್ನ್ ಆಗಲ್ಲ, ಪಾಪ್‌ಕಾರ್ನ್ ಕಾಳು ಆಗಲ್ಲ.

ಎರಡು ರೊಟ್ಟಿಗೆ ಅಳತೆ: 4 ಕಪ್ ಒಣ ಕಾಳು, 1 ಕಪ್ ಜರಡಿ ಹಿಡಿದ ಬೂದಿ, 1 ಕಪ್ ಕೆಂಪು ಕಿಡ್ನಿ ಬೀನ್ಸ್ ಅಂದ್ರೆ ರಾಜ್ಮಾ. ಉಪ್ಪು ಹಿಟ್ಟಿಗೆ ಹಾಕಲ್ಲ, ತಿನ್ನುವಾಗ ಬೆಣ್ಣೆ ಜೊತೆ ಹಾಕ್ಕೊಳ್ಳಿ.

ಬೂದಿ, ಇದೇ ಮುಖ್ಯ

ಗಟ್ಟಿ ಮರದ ಬೂದಿ ಬೇಕು. ಇಲ್ಲಿ ಮೇಪಲ್, ಓಕ್, ಹಿಕರಿ ಇಂಥದ್ದು ಉರಿಸ್ತಾರೆ. ಪೈನ್ ಥರ ಅಂಟು ಬರೋ ಮರ ಬೇಡ. ಬಣ್ಣ ಹೊಡೆದ ಹಲಗೆ, ಪ್ಲೈವುಡ್, ಪ್ಯಾಕಿಂಗ್ ಪೆಟ್ಟಿಗೆ, ಬಾರ್ಬೆಕ್ಯೂಗೆ ಬರೋ ಇದ್ದಿಲು ಉಂಡೆ, ಇವುಗಳ ಬೂದಿ ಅಡುಗೆಗೆ ವಿಷ ಅಂತ ತಿಳ್ಕೊಳ್ಳಿ. ಒಲೆಗೆ ಕಸ, ಪ್ಲಾಸ್ಟಿಕ್ ಏನೂ ಹಾಕಿರಬಾರ್ದು. ತಣ್ಣಗಾದ ಬೂದಿನ ಸಣ್ಣ ಜರಡೀಲಿ ಎರಡು ಸಲ ಜರಡಿ ಹಿಡೀರಿ, ಕರಿ ಇದ್ದಿಲು ಚೂರು ಉಳೀಬಾರ್ದು, ಬೆರಳ ಮಧ್ಯೆ ಉಜ್ಜಿದ್ರೆ ಟಾಲ್ಕಂ ಪೌಡರ್ ಥರ ಇರ್ಬೇಕು.

ಪಾತ್ರೆ ಸ್ಟೀಲ್ ಇಲ್ಲಾ ಇನಾಮಲ್ ಇರ್ಲಿ. ಅಲ್ಯೂಮಿನಿಯಂ ಖಂಡಿತ ಬೇಡ, ಬೂದಿ ನೀರಿನ ಕ್ಷಾರ ಅದನ್ನ ತಿನ್ನತ್ತೆ. ನಾನು ಮೊದಲ್ನೇ ಸಲ ಮನೇಲಿದ್ದ ದೊಡ್ಡ ಅಲ್ಯೂಮಿನಿಯಂ ಪಾತ್ರೇಲೇ ಇಟ್ಟಿದ್ದೆ, ಹತ್ತು ನಿಮಿಷಕ್ಕೆ ಪಾತ್ರೆ ಒಳಗೆಲ್ಲಾ ಕಪ್ಪಾಯ್ತು, ಅಷ್ಟೂ ಕಾಳು ಚೆಲ್ಲಬೇಕಾಯ್ತು. ಬಿಳಿ ಜೋಳ ಚೆಲ್ಲಿದೆ ಅಂತ ದೋದಾಗೆ ಹೇಳೋಕೆ ತುಂಬಾ ಸಂಕಟ ಆಗಿತ್ತು, ಅವರು ಬೈಲಿಲ್ಲ, ಒಳಗೆ ಹೋಗಿ, ಜಡೆ ಥರ ಹೆಣೆದು ತೂಗುಹಾಕಿದ್ದ ತೆನೆಗಳಿಂದ ಎರಡು ಬಿಚ್ಚಿ ಕೊಟ್ರು.

ಕಾಳು ಮುಳುಗಿ ಮೇಲೆ ನಾಲ್ಕು ಬೆರಳು ನಿಲ್ಲೋವಷ್ಟು ನೀರು ಕುದಿಯೋಕೆ ಇಡಿ. ಕುದಿ ಬಂದ್ಮೇಲೆ ಬೂದಿ ಸ್ವಲ್ಪ ಸ್ವಲ್ಪ ಹಾಕಿ ಮರದ ಸೌಟಲ್ಲಿ ತಿರುಗ್ಸಿ, ಒಟ್ಟಿಗೆ ಸುರಿದ್ರೆ ಉಕ್ಕತ್ತೆ. ಆಮೇಲೆ ಕಾಳು ಹಾಕಿ. ಇಲ್ಲಿ ಕಣ್ಣಿಟ್ಟು ನೋಡಿ, ಬಿಳಿ ಕಾಳು ಸ್ವಲ್ಪ ಹೊತ್ತಿಗೇ ಹಳದಿ ತಿರುಗತ್ತೆ, ಆಮೇಲೆ ಹೆಚ್ಚುಕಮ್ಮಿ ಕಿತ್ತಳೆ ಬಣ್ಣ. ಬಣ್ಣ ತಿರುಗ್ಲಿಲ್ಲ ಅಂದ್ರೆ ಬೂದೀಲಿ ಶಕ್ತಿ ಸಾಲ್ದು, ಇನ್ನೊಂದೆರಡು ಮುಷ್ಟಿ ಹಾಕಿ. ಮರದಿಂದ ಮರಕ್ಕೆ ಬೂದಿ ಬೇರೆ ಆಗಿರೋದ್ರಿಂದ ಅಳತೆಗಿಂತ ಈ ಬಣ್ಣವನ್ನೇ ನಂಬಿ.

ಅರ್ಧ ಗಂಟೆ ಆದ್ಮೇಲೆ ಸೌಟಲ್ಲಿ ನಾಲ್ಕು ಕಾಳು ತೆಗೆದು ತಣ್ಣೀರಲ್ಲಿ ಅದ್ದಿ ಹೆಬ್ಬೆರಳಲ್ಲಿ ಒತ್ತಿ. ಸಿಪ್ಪೆ ಜಾರಿ ಬಂತು, ಕಾಳಿನ ಬುಡದಲ್ಲಿರೋ ಕಪ್ಪು ಚುಕ್ಕೆನೂ ಕಳಚ್ತು ಅಂದ್ರೆ ಆಯ್ತು. ಇಲ್ಲಾಂದ್ರೆ ಇನ್ನೂ ಹತ್ತು ಹದಿನೈದು ನಿಮಿಷ. ಒಂದು ಗಂಟೆವರೆಗೂ ಹೋಗಬಹುದು. ಬರಿಗೈ ಹಾಕ್ಬೇಡಿ, ಈ ನೀರು ಚರ್ಮ ಸುಡತ್ತೆ, ಕಣ್ಣಿಗಂತೂ ಹಾರಲೇಬಾರ್ದು, ಮಕ್ಕಳನ್ನ ಅಡುಗೆಮನೆಯಿಂದ ಆಚೆ ಇಡಿ.

ಈ ಬೂದಿ ಯಾಕೆ ಅಂತ ಕೇಳ್ತೀರಾ, ಹೇಳ್ತೀನಿ, ನಾನು ಈ ಲೇಖನ ಬರೆಯೋಕೆ ಕಾರಣನೇ ಇದು. ಮೆಕ್ಕೆಜೋಳದಲ್ಲಿ ನಯಾಸಿನ್ ಅನ್ನೋ ವಿಟಮಿನ್ ಇದೆ, ಆದ್ರೆ ಹೆಚ್ಚಿನ ಪಾಲು ನಮ್ಮ ಹೊಟ್ಟೆಗೆ ದಕ್ಕದ ಹಾಗೆ ಕಟ್ಟಿಹಾಕ್ಕೊಂಡು ಇರತ್ತೆ. ಕ್ಷಾರದಲ್ಲಿ ಬೇಯಿಸಿದ್ರೆ ಆ ಕಟ್ಟು ಬಿಡತ್ತೆ. ಮೆಕ್ಸಿಕೊ ಕಡೆ ಸುಣ್ಣ ಹಾಕ್ತಾರೆ, ಇಲ್ಲಿ ಬೂದಿ, ಕೆಲಸ ಒಂದೇ. ಯುರೋಪಿನವರು ಈ ಖಂಡದಿಂದ ಬೀಜ ತಗೊಂಡು ಹೋದ್ರು, ಬೀಜದ ಜೊತೆ ಈ ಹೆಂಗಸರಿಗೆ ಗೊತ್ತಿದ್ದದ್ದನ್ನ ತಗೊಂಡು ಹೋಗ್ಲಿಲ್ಲ. 1700ರ ದಶಕಗಳಲ್ಲಿ ಸ್ಪೇನ್, ಇಟಲಿಯಲ್ಲಿ ಜೋಳವನ್ನೇ ನಂಬಿದ್ದ ಬಡವರಿಗೆ ಮೈ ಚರ್ಮ ಸುಲಿದು, ಭೇದಿ ಹತ್ತಿ, ಬುದ್ಧಿ ಕೆಡೋ ಪೆಲ್ಲಾಗ್ರಾ ಶುರುವಾಯ್ತು, 20ನೇ ಶತಮಾನದ ಮೊದಲರ್ಧದಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಸಾವಿರಗಟ್ಟಲೆ ಜನ ಸತ್ರು. ನಯಾಸಿನ್ ಕೊರತೆಯೇ ಕಾರಣ ಅಂತ ವಿಜ್ಞಾನಿಗಳಿಗೆ ಗಟ್ಟಿಯಾಗಿ ಗೊತ್ತಾಗಿದ್ದು 1937ರ ಹೊತ್ತಿಗೆ. ಅಷ್ಟೂ ಕಾಲ ಇಲ್ಲಿನ ಅಜ್ಜಿಯಂದಿರು ಒಲೆ ಬೂದಿ ಜರಡಿ ಹಿಡೀತಾನೇ ಇದ್ರು. ಸರ್ಕಾರ, ಚರ್ಚು ಸೇರಿ ಅವರ ಮಕ್ಕಳನ್ನ ಕಿತ್ಕೊಂಡು ಹೋಗಿ ಬೋರ್ಡಿಂಗ್ ಶಾಲೆಗೆ ಹಾಕಿದ ಕಾಲದಲ್ಲೂ. ಅಂಥದ್ದೇ ಒಂದು ಶಾಲೆ, ಒಂಟಾರಿಯೊದ ಬ್ರಾಂಟ್‌ಫರ್ಡ್‌ನ ಮೋಹಾಕ್ ಇನ್‌ಸ್ಟಿಟ್ಯೂಟ್, 1970ರವರೆಗೆ ನಡೀತು, ದಿನಾ ಹಾಕ್ತಿದ್ದ ಓಟ್ಸ್ ಅಂಬಲಿ ನೋಡಿ ಅಲ್ಲಿನ ಮಕ್ಕಳು ಅದನ್ನ ಮಶ್ ಹೋಲ್, ಅಂಬಲಿ ಗುಂಡಿ ಅಂತ ಕರೀತಿದ್ರು. ಮನೇಲಿ ಇಂಥ ರೊಟ್ಟಿ ಇದ್ದ ಮಕ್ಕಳು.

ತೊಳೆಯೋದು

ಇದಕ್ಕಂತಲೇ ಬುಟ್ಟಿ ಇರತ್ತೆ. ಬ್ಲ್ಯಾಕ್ ಆಶ್ ಅನ್ನೋ ಮರದ ದಿಮ್ಮಿನ ಕೊಡಲಿ ಹಿಂಬದಿಯಿಂದ ಬಡಿದು ಬಡಿದು, ವರ್ಷಕ್ಕೊಂದರ ಹಾಗೆ ಬೆಳೆದ ಪದರ ಬಿಡಿಸಿ, ಆ ಪಟ್ಟಿ ಸೀಳಿ ಹೆಣೀತಾರೆ. ತಳ ಬಿಡಿಬಿಡಿಯಾಗಿ ಹೆಣೆದಿರೋದ್ರಿಂದ ನೀರೂ ಸಿಪ್ಪೆನೂ ಇಳಿದು ಹೋಗತ್ತೆ, ಕಾಳು ನಿಲ್ಲತ್ತೆ. ಅಕ್ವೆಸಾಸ್ನೆಯ ಬುಟ್ಟಿ ಹೆಣೆಯೋರು ಬಹಳ ಹೆಸರುವಾಸಿ. ಈಗ ಎಮರಾಲ್ಡ್ ಆಶ್ ಬೋರರ್ ಅಂತ ಏಷ್ಯಾದಿಂದ ಬಂದ ಹಸಿರು ಹುಳ ಆ ಮರಗಳನ್ನ ಸಾಲುಸಾಲಾಗಿ ಕೊಲ್ತಿದೆ, ಬುಟ್ಟಿ ಇದ್ದವರು ಜೋಪಾನ ಮಾಡ್ತಾರೆ. ದೋದಾ ಬುಟ್ಟಿ ಅವರ ತಾಯಿದು, ಹಿಡಿ ಇರೋ ಜಾಗ ಕೈ ಸವೆದು ಸವೆದು ಬೆಣ್ಣೆ ಥರ ನುಣ್ಣಗಿದೆ, ತಳ ಬೂದಿ ನೀರಿಗೆ ಕಪ್ಪಾಗಿ ಹೊಳೀತಿರತ್ತೆ. ಅದನ್ನ ತೊಟ್ಟೀಲಿ ಅರ್ಧ ಮುಳುಗಿಸಿ, ಎಡಕ್ಕೆ ಬಲಕ್ಕೆ ಗಿರ್ರನೆ ತಿರುಗಿಸಿ, ಮೇಲೆತ್ತಿ, ಮತ್ತೆ ಮುಳುಗಿಸ್ತಾರೆ, ಸಿಪ್ಪೆ ಎಲ್ಲಾ ಸಣ್ಣ ಸಣ್ಣ ಗಾಜಿನ ಚೂರಿನ ಹಾಗೆ ನೀರಲ್ಲಿ ತೇಲತ್ತೆ.

ನಿಮ್ಮತ್ರ ಬುಟ್ಟಿ ಇರಲ್ಲ, ದೊಡ್ಡ ತೂತಿನ ಸ್ಟೀಲ್ ಜಾಲರಿ ಪಾತ್ರೆ ಸಾಕು. ಮೊದಲ್ನೇ ಎರಡು ನೀರಿಗೆ ರಬ್ಬರ್ ಗ್ಲೌಸ್ ಹಾಕ್ಕೊಳ್ಳಿ. ಕಾಳನ್ನ ಅಂಗೈ ಮಧ್ಯೆ ಇಟ್ಟು ತಿಕ್ಕಿ ತಿಕ್ಕಿ ತೊಳೀರಿ, ಐದು ನೀರು, ಆರು ನೀರು, ನೀರು ತಿಳಿಯಾಗೋವರೆಗೂ. ಲೆಕ್ಕ ಇಡ್ಬೇಡಿ, ಕಾಳು ಜಾರೋದು ನಿಂತಿದ್ಯಾ ನೋಡಿ. ಸೋಪು ಹಚ್ಚಿದ ಹಾಗೆ ಕೈಯಲ್ಲಿ ಜಾರ್ತಿದ್ರೆ ಇನ್ನೂ ಕ್ಷಾರ ಇದೆ ಅಂತ. ಒಂದು ಕಾಳು ಬಾಯಿಗೆ ಹಾಕಿ ನೋಡಿ, ನಾಲಿಗೆ ಕಚ್ಚಿದ್ರೆ ಮತ್ತೆ ತೊಳೀರಿ. ತೊಳೆದು ಮುಗಿದಾಗ ಕಿತ್ತಳೆ ಬಣ್ಣ ಹೋಗಿ ಮತ್ತೆ ಬೆಳ್ಳಗೆ, ದಪ್ಪಗೆ ಉಬ್ಬಿದ ಕಾಳು ಕಾಣತ್ತೆ, ನನಗೆ ಇಡೀ ಕೆಲಸದಲ್ಲಿ ಬಹಳ ಇಷ್ಟ ಆಗೋದು ಈ ಹೊತ್ತು. ಇದೇ ಕಾಳನ್ನ ಬೇರೆ ನೀರಲ್ಲಿ ಎರಡು ಮೂರು ಗಂಟೆ ಬೇಯಿಸಿ ಬೀನ್ಸ್, ಮಾಂಸ ಹಾಕಿದ್ರೆ ಅವರ ಕಾರ್ನ್ ಸೂಪ್, ರೊಟ್ಟಿಗಾದ್ರೆ ಇಲ್ಲಿಗೆ ನಿಲ್ಲಿಸಿ.

ಕುಟ್ಟೋದು, ನಾದೋದು

ಹಿಂದೆ ಮರದ ದಿಮ್ಮಿ ಕೊರೆದ ಒರಳು, ಎರಡೂ ತುದಿ ದಪ್ಪ ಇರೋ ಒನಕೆ, ಎದುರುಬದುರು ನಿಂತು ಇಬ್ರು ಹೆಂಗಸರು ಒಬ್ಬರಾದ್ಮೇಲೆ ಒಬ್ಬರು ಹಾಕ್ತಿದ್ರು. ಈಗ ಟೇಬಲ್ ಅಂಚಿಗೆ ಬಿಗಿಯೋ ಕೈ ಗಿರಣಿ, ಇಲ್ಲಾ ಮಿಕ್ಸಿ. ಮಿಕ್ಸಿ ಆದ್ರೆ ಕಾಳನ್ನ ಬಟ್ಟೆ ಮೇಲೆ ಹರಡಿ ಒಂದು ಗಂಟೆ ಬಿಡಿ, ಮೇಲಿನ ನೀರು ಆರಲಿ, ಒಳಗೆ ಹಸಿ ಇರ್ಲಿ. ಸ್ವಲ್ಪ ಸ್ವಲ್ಪ ಹಾಕಿ ನಿಲ್ಲಿಸಿ ನಿಲ್ಲಿಸಿ ತಿರುಗಿಸಿ, ನೀರು ಒಂದು ಹನಿನೂ ಹಾಕ್ಬೇಡಿ, ಅಕ್ಕಿ ನೆನೆಸಿ ತಂಬಿಟ್ಟಿಗೆ ಹಿಟ್ಟು ಮಾಡ್ತೀವಲ್ಲ ಅದೇ ಹದ. ಜರಡಿ ಹಿಡಿದು ತರಿ ಉಳಿದಿದ್ದು ಮತ್ತೆ ಮಿಕ್ಸಿಗೆ. ಮುಷ್ಟೀಲಿ ಹಿಡಿದ್ರೆ ಹಿಟ್ಟು ಉಂಡೆ ನಿಲ್ಲಬೇಕು.

ರಾತ್ರಿ ನೆನೆಸಿದ ಬೀನ್ಸ್‌ನ ಅಷ್ಟರಲ್ಲಿ ಬೇರೆ ಒಲೇಲಿ ಬೇಯಿಸ್ಕೊಂಡಿರಿ. ನೆನೆಸಿದ ನೀರು ಚೆಲ್ಲಿ, ಹೊಸ ನೀರಲ್ಲಿ, ಕಮ್ಮಿ ಅಂದ್ರೂ ಮೊದಲ ಹತ್ತು ನಿಮಿಷ ಜೋರಾಗಿ ಕುದಿಸ್ಲೇಬೇಕು, ಅರೆಬೆಂದ ರಾಜ್ಮಾ ಹೊಟ್ಟೆ ಕೆಡಿಸತ್ತೆ. ಮೆತ್ತಗಾಗ್ಬೇಕು ಆದ್ರೆ ಆಕಾರ ಬಿಡಬಾರ್ದು. ಬೀನ್ಸ್ ಬೆಂದ ನೀರು ಇಟ್ಕೊಳ್ಳಿ, ಅದೇ ಎಸರು. ಹಿಟ್ಟಿನ ಮಧ್ಯೆ ಗುಂಡಿ ಮಾಡಿ, ಬೀನ್ಸ್ ಹಾಕಿ, ಕುದಿಯೋ ಎಸರು ಸ್ವಲ್ಪ ಸ್ವಲ್ಪ ಹಾಕ್ತಾ ಮರದ ಸೌಟಲ್ಲಿ ಕಲಸಿ ಆಮೇಲೆ ಕೈ ಹಾಕಿ ನಾದಿ. ಜ್ವಾಳದ ರೊಟ್ಟಿ ಬಡಿದು ಗೊತ್ತಿರೋರಿಗೆ ಇದು ಹೇಳೋದೇ ಬೇಡ, ಗೋಧಿ ಥರ ಅಂಟು ಇಲ್ಲದ ಹಿಟ್ಟನ್ನ ಹಿಡಿದಿಡೋದು ಬಿಸಿ ನೀರು. ಇಲ್ಲಿ ಅದಕ್ಕೆ ಬೂದಿನೂ ಸಹಾಯ ಮಾಡಿರತ್ತೆ, ಕ್ಷಾರದಲ್ಲಿ ಬೆಂದ ಜೋಳ ಮಾತ್ರ ಹೀಗೆ ಮುದ್ದೆ ಕಟ್ಟತ್ತೆ, ಅಂಗಡಿ ಕಾರ್ನ್ ಫ್ಲೋರ್‌ನಲ್ಲಿ ಮಾಡಿದ್ರೆ ನೀರಿಗೆ ಬಿದ್ದ ತಕ್ಷಣ ಚದುರಿ ಹೋಗತ್ತೆ.

ಎರಡು ಪಾಲು ಮಾಡಿ ಒಂದೊಂದನ್ನೂ ಚಕ್ರದ ಹಾಗೆ ತಟ್ಟಿ, ಒಂದು ಗೇಣಿಗಿಂತ ಸ್ವಲ್ಪ ಕಮ್ಮಿ ಅಗಲ, ಎರಡು ಮೂರು ಬೆರಳು ದಪ್ಪ. ಕೈ ತಣ್ಣೀರಲ್ಲಿ ಅದ್ದಿ ಅದ್ದಿ ಮೇಲೆ, ಕೆಳಗೆ, ಅಂಚು ಎಲ್ಲಾ ಸವರಿ. ಕೂದಲೆಳೆಯಷ್ಟು ಬಿರುಕಿದ್ರೂ ಅಲ್ಲಿಂದ ನೀರು ನುಗ್ಗತ್ತೆ.

ಬೇಯಿಸೋದು, ತಿನ್ನೋದು

ರೊಟ್ಟಿ ಪೂರ್ತಿ ಮುಳುಗೋ ದೊಡ್ಡ ಪಾತ್ರೇಲಿ ನೀರು ಕುದೀತಿರ್ಲಿ. ರೊಟ್ಟಿನ ಅಂಗೈ ಮೇಲೆ ಇಟ್ಕೊಂಡು ಅಂಚಿನ ಮೇಲೆ ನಿಲ್ಲೋ ಹಾಗೆ, ಚಕ್ರ ಇಳಿಸಿದ ಹಾಗೆ, ಮೆಲ್ಲಗೆ ನೀರಿಗೆ ಜಾರಿಸಿ, ಚಪ್ಪಟೆಯಾಗಿ ಬಿಟ್ರೆ ತಳ ಹಿಡಿಯತ್ತೆ. ಉರಿ ಮಧ್ಯಮ. ಆಗಾಗ ಮರದ ಸೌಟಲ್ಲಿ ಮೆತ್ತಗೆ ಜರುಗಿಸಿ. ಸುಮಾರು ಒಂದು ಗಂಟೆ, ಅಷ್ಟರಲ್ಲಿ ತಾನೇ ಮೇಲೆ ತೇಲಿ ಬರತ್ತೆ, ತೇಲಿದ ಮೇಲೂ ಹತ್ತು ನಿಮಿಷ ಬಿಡಿ. ತೆಗೆದು ಬೋರಲು ಹಾಕಿ ಆರೋಕೆ ಬಿಟ್ಟು, ಆಮೇಲೆ ಬೆರಳು ದಪ್ಪ ಹೋಳು ಕೊಯ್ಯಿರಿ, ಒಳಗೆ ಬೆಳ್ಳಗಿನ ಹಿಟ್ಟಲ್ಲಿ ಕೆಂಪು ಬೀನ್ಸ್ ಚುಕ್ಕೆಚುಕ್ಕೆಯಾಗಿ ಕಾಣತ್ತೆ. ಬೆಂದ ನೀರು ಚೆಲ್ಬೇಡಿ, ಹಿಂದಿನವರು ಅದನ್ನೇ ಕುಡೀತಿದ್ರು, ಬಿಸಿ ಗಂಜಿ ತಿಳಿ ಥರ, ಜೋಳದ ವಾಸನೆ, ಚಳಿಗಾಲಕ್ಕೆ ಬಹಳ ಹಿತ.

ಕಾನವಾಗೇಲಿ ಭಾನುವಾರ ಬೆಳಿಗ್ಗೆ ಈ ರೊಟ್ಟಿ, ಸ್ಟೇಕ್, ಗ್ರೇವಿ ತಿನ್ನೋ ರೂಢಿ ಇದೆ. ಮಾಂಸ ತಿನ್ನದ ನಾವು ಬೆಣ್ಣೆ, ಉಪ್ಪು ಹಾಕ್ಕೋತೀವಿ, ಇಲ್ಲಾ ಮೇಪಲ್ ಸಿರಪ್. ಆ ಸಿರಪ್ಪೂ ಇಲ್ಲಿನ ಮೂಲದವರದ್ದೇ, ಚಳಿ ಮುಗಿಯೋ ಹೊತ್ತಲ್ಲಿ ಮೇಪಲ್ ಮರದ ರಸ ಸುಮಾರು 40 ಲೀಟರ್ ಕುದಿಸಿದ್ರೆ 1 ಲೀಟರ್ ಸಿರಪ್, ಅದಕ್ಕೂ ಒಂದು ಧನ್ಯವಾದದ ಆಚರಣೆ ಇದೆ. ಜೂನ್‌ನಲ್ಲಿ ಸ್ಟ್ರಾಬೆರಿಗೆ, ಬೇಸಿಗೆ ಕೊನೇಲಿ ಎಳೆ ಜೋಳಕ್ಕೆ, ಹೀಗೆ ಬೆಳೆ ಬಂದ ಹಾಗೆ ವರ್ಷ ನಡೆಯತ್ತೆ. ಜೂನ್‌ನಲ್ಲಿ ಮಾಡಿದ್ರೆ ಜೊತೆಗೆ ಸ್ಟ್ರಾಬೆರಿ ಪಾನಕ ಮಾಡಿ, ಹಣ್ಣು ಕಿವುಚಿ ತಣ್ಣೀರು, ಮೇಪಲ್ ಸಿರಪ್ ಬೆರೆಸಿದ್ರೆ ಆಯ್ತು. ರೊಟ್ಟಿ ಉಳಿದ್ರೆ ಫ್ರಿಡ್ಜಲ್ಲಿ ಇಟ್ಟು ಮಾರನೇ ದಿನ ಕಾವಲಿ ಮೇಲೆ ಬೆಣ್ಣೆ ಹಾಕಿ ಎರಡೂ ಕಡೆ ಕೆಂಪಗೆ ಮಾಡಿ, ನಮ್ಮನೇ ಮಕ್ಕಳಿಗೆ ಮೊದಲ ದಿನಕ್ಕಿಂತ ಇದೇ ಇಷ್ಟ.

ಹಿತ್ತಿಲು ಇದ್ದೋರಿಗೆ

ಜೋಳ, ಬೀನ್ಸ್, ಕುಂಬಳ ಮೂವರು ಅಕ್ಕತಂಗಿಯರು. ಆಕಾಶದಿಂದ ಬಿದ್ದ ಹೆಂಗಸು ಆಮೆ ಬೆನ್ನ ಮೇಲೆ ಇಳಿದಳು, ಅವಳ ಮಗಳು ಅವಳಿ ಮಕ್ಕಳನ್ನ ಹೆತ್ತು ತೀರಿಕೊಂಡಾಗ ಆ ಮಗಳ ದೇಹ ಹೂತ ಮಣ್ಣಿಂದ ಈ ಗಿಡಗಳು ಎದ್ದವು ಅಂತ ಅವರ ಕಥೆ. ಹಿಮ ಬೀಳೋ ಭಯ ಹೋದ್ಮೇಲೆ, ಮಾಂಟ್ರಿಯಲ್ ಕಡೆ ಮೇ ಕೊನೆಗೆ, ಒಂದು ಮೀಟರ್‌ಗೊಂದು ಮಣ್ಣಿನ ದಿಬ್ಬ ಮಾಡಿ, ದಿಬ್ಬಕ್ಕೆ ನಾಲ್ಕೈದು ಜೋಳ ಊರಿ. ಸಸಿ ಗೇಣುದ್ದ ಆದಾಗ ಸುತ್ತ ನಾಲ್ಕು ಬೀನ್ಸ್, ಬಳ್ಳಿ ಬಿಡೋ ಜಾತಿದು. ಇನ್ನೊಂದು ವಾರಕ್ಕೆ ಅಂಚಲ್ಲಿ ಕುಂಬಳ. ಬೀನ್ಸ್ ಮೊದಲೇ ಹಾಕಿದ್ರೆ ಎಳೆ ಜೋಳವನ್ನ ಬಗ್ಗಿಸಿಬಿಡತ್ತೆ, ಆ ಒಂದು ತಪ್ಪು ಮಾತ್ರ ಮಾಡ್ಬೇಡಿ. ಜೋಳ ಬೀನ್ಸಿಗೆ ಕೋಲು, ಬೀನ್ಸ್ ಬೇರು ಮಣ್ಣಿಗೆ ಸಾರಜನಕ, ಕುಂಬಳದ ಅಗಲ ಎಲೆ ಕಳೆ ಬರದ ಹಾಗೆ, ತೇವ ಆರದ ಹಾಗೆ ನೆರಳು. ಗಾಳೀಲಿ ಪರಾಗ ಬೆರೆಯೋದ್ರಿಂದ ಅಕ್ಕಪಕ್ಕ ಬೇರೆ ಮೆಕ್ಕೆಜೋಳದ ಹೊಲ ಇದ್ರೆ ಆ ತೆನೆನ ಬೀಜಕ್ಕೆ ಇಡ್ಬೇಡಿ, ತಿನ್ನೋಕೆ ಮಾತ್ರ ಬಳಸಿ.

1666ರ ಶರತ್ಕಾಲದಲ್ಲಿ ತ್ರಾಸಿ ಅನ್ನೋ ಫ್ರೆಂಚ್ ಸೇನಾಧಿಪತಿ ಕ್ವಿಬೆಕ್‌ನಿಂದ ಸೈನ್ಯ ತಂದು ಮೋಹಾಕ್ ಊರುಗಳನ್ನ ಸುಟ್ಟ, ಜನ ಕಾಡು ಸೇರಿದ್ರು, ಚಳಿಗಾಲಕ್ಕೆ ಕೂಡಿಟ್ಟಿದ್ದ ಜೋಳ ಎಲ್ಲಾ ಬೆಂಕಿಗೆ ಹೋಯ್ತು. 1779ರಲ್ಲಿ ಅಮೆರಿಕದ ಸೈನ್ಯ ಒಕ್ಕೂಟದ ಪಶ್ಚಿಮದ ಊರುಗಳಿಗೂ ಅದನ್ನೇ ಮಾಡ್ತು. ಇವರನ್ನ ಬಗ್ಗಿಸೋಕೆ ಜೋಳ ಸುಡ್ಬೇಕು ಅಂತ ಇಬ್ರಿಗೂ ಗೊತ್ತಿತ್ತು. ದೋದಾ ಮನೆ ಅಟ್ಟದಲ್ಲಿ ತೆನೆಯ ಒಣ ಸಿಪ್ಪೆ ಹಿಂದಕ್ಕೆ ಎಳೆದು ಹೆಣೆದ ಬಿಳಿ ಜೋಳದ ಜಡೆಗಳು ನೇತಾಡ್ತಿರೋದು ನೋಡಿದಾಗ ನನಗೆ ಇದೇ ನೆನಪಾಗತ್ತೆ. ನೀವು ಬೆಳೆದ್ರೂ ಹಾಗೇ ಹೆಣೀರಿ, ಸಿಪ್ಪೆ ಒಣಗಿದ್ರೆ ಸ್ವಲ್ಪ ನೀರು ಚಿಮುಕಿಸ್ಕೊಂಡು ಮೂರು ಎಳೆ ಜಡೆ ಹಾಕೋ ಹಾಗೆ, ಪ್ರತಿ ಸುತ್ತಿಗೂ ಹೊಸ ತೆನೆ ಸೇರಿಸ್ತಾ, ಗಾಳಿ ಆಡೋ ಕಡೆ, ಇಲಿ ಹತ್ತದ ಕಡೆ ತೂಗು ಹಾಕಿ. ಉದ್ದ ಇರೋ, ಎಂಟೂ ಸಾಲು ನೆಟ್ಟಗಿರೋ ತೆನೆಗಳನ್ನ ಬೇರೆ ಜಡೆ ಮಾಡಿ, ಅದು ಮುಂದಿನ ವರ್ಷದ ಬೀಜಕ್ಕೆ, ಎಷ್ಟೇ ಹಸಿವಾದ್ರೂ ಅದನ್ನ ಬಿಚ್ಚಬೇಡಿ.